ನೆಲ ಡೊಂಕು

ಬೋರಾ ಗಾಳಿ ಎದ್ದ ದಿನ ತ್ರಿಯೆಸ್ತೆಯಲ್ಲಿ
ಯಾರೂ ನೆಟ್ಟಗೆ ನಡೆಯುವುದಿಲ್ಲ.
ಗುಡ್ಡದಿಂದ ಕಡಲಿಗೆ ಧುಮುಕುವ ಅದರೆದುರು
ಅಂಚೆಯವ, ಪಾದ್ರಿ, ಹೂವಿನಂಗಡಿಯ ಹೆಂಗಸು
ಎಲ್ಲರೂ ಒಂದೇ ಕಡೆಗೆ ವಾಲಿಕೊಂಡೇ ಸಾಗಬೇಕು.
ಹಿಂದೆಲ್ಲ ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರಂತೆ.

ಅಂಥದೇ ಒಂದು ದಿನ ನೀವೆಸ್ ಬಂದಳು.
ಹದಿನಾಲ್ಕು ವರ್ಷ. ಟೋಪಿ ದಾರಿಯಲ್ಲೇ ಹಾರಿಹೋಗಿತ್ತು.
ಅಂಗಿಯೊಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ,
ಬಾಗಿಲಿಗೆ ತಾಗಿದರೆ ಖಾಲಿ ಡಬ್ಬಿಯ ಸದ್ದು.
ಚೀಟಿಯಲ್ಲಿ ಬರೆದಿತ್ತು:
ಬೆನ್ನುಮೂಳೆ ಬಲಕ್ಕೆ ಮೂವತ್ತೊಂದು ಡಿಗ್ರಿ.
ಕಿವಿಯನ್ನೂ ನೋಡಿ.

"ಬೆನ್ನು ಬಾಗಿದ್ದಕ್ಕೆ ಕಿವಿಯದೇನು ತಪ್ಪು?"
ಕೇಳಿದ್ದು ಅವಳಲ್ಲ, ಅವಳಪ್ಪ.
ಬಂದರಿನ ಕ್ರೇನಿನಲ್ಲಿ ಕೂತು
ಗಾಳಿಯಲ್ಲಿ ತೂಗುವ ಪೆಟ್ಟಿಗೆಗಳನ್ನು
ಕೂದಲೆಳೆ ತಪ್ಪದಂತೆ ಹಡಗಿಗಿಳಿಸುವವನು.

ಹೇಳಿದೆ: ಒಳಗಿವಿಯಲ್ಲಿ ಮೂರು ಬಳೆ,
ಬಳೆಯೊಳಗೆ ನೀರು.
ಪಕ್ಕದ ಎರಡು ಚೀಲಗಳಲ್ಲಿ ಹರಳು,
ಕಣ್ಣಿಗೆ ಕಾಣದಷ್ಟು ಸಣ್ಣವು, ಸುಣ್ಣದವು,
ನಮ್ಮ ಕಾರ್ಸೊ ಗುಡ್ಡ ಯಾವುದರದೋ ಅದರವೇ.
ಇದು ಮೇಲು ಇದು ಕೆಳಗು ಎಂದು ಅವು ಹೇಳುತ್ತವೆ,
ಮೈ ನಂಬುತ್ತದೆ.

ಆತ ತನ್ನ ಕಿವಿ ಮುಟ್ಟಿ ನೋಡಿಕೊಂಡ.

ಕವಚ ಬಿಚ್ಚಿ ಮಲಗಿಸಿದೆ.
ಕತ್ತಲೆಯ ಕನ್ನಡಕ ಹಾಕಿ
ಕಿವಿಗೆ ಬೆಚ್ಚಗಿನ ನೀರು ಬಿಟ್ಟೆ.
ಮನಸ್ಸು ಮಂಪರಿಗೆ ಜಾರಬಾರದು, ಮೀನಿನ ಹೆಸರು ಹೇಳು ಎಂದೆ.
ಬೂತಾಯಿ, ಅಂದಳು. ಬಂಗುಡೆ. ಕೊಳಕು ನೀರಿನದೊಂದು,
ಅಜ್ಜ ಅದನ್ನು ಬೈಗುಳದಿಂದಲೇ ಕರೆಯೋದು.
ಪರದೆಯ ಮೇಲೆ ಅವಳ ಕಣ್ಣು
ಎಲ್ಲಿಗೋ ಹೊರಡುತ್ತಿತ್ತು, ಥಟ್ಟನೆ ಮರಳುತ್ತಿತ್ತು,
ಮತ್ತೆ ಹೊರಡುತ್ತಿತ್ತು.
ಬಲಗಿವಿಗೆ ನೀರು ಬಿದ್ದಾಗ ಓಟ.
ಎಡಗಿವಿಗೆ ಬಿದ್ದಾಗ
ಮನಸ್ಸಿಲ್ಲದ ಮನಸ್ಸಿನಿಂದ ನಾಲ್ಕು ಹೆಜ್ಜೆ.

ಕೊನೆಯದು ಸುಲಭ.
ಕಣ್ಣು ಕಟ್ಟಿ, ಕೈ ಮುಂದೆ ಚಾಚಿ
ನಿಂತಲ್ಲೇ ಐವತ್ತು ಹೆಜ್ಜೆ ಹಾಕಬೇಕು.
ಗಟ್ಟಿಯಾಗಿ ಎಣಿಸಿದಳು, ಶಾಲೆಯ ಕವಾಯತಿನ ಹಾಗೆ.
ಹದಿನೆಂಟಕ್ಕೆ ಪಾದ ತಿರುಗತೊಡಗಿತು.
ಮೂವತ್ತಕ್ಕೆ ಅಪ್ಪ ಬಾಯಿ ತೆರೆದ,
ನಾನು ಬೆರಳೆತ್ತಿ ತಡೆದೆ.
ಐವತ್ತು.
"ಗೋಡೆಯ ಗಡಿಯಾರ ನನ್ನೆದುರಿಗೇ ಇದೆ," ಅಂದಳು,
ತೀರಾ ಖಚಿತವಾಗಿ.
ಪಟ್ಟಿ ಬಿಚ್ಚಿದರೆ ಎದುರಿಗಿದ್ದದ್ದು
ಎಡಬದಿಯ ಕಿಟಕಿ, ನೊರೆಯೆದ್ದ ಕಡಲು.

ಸ್ವಲ್ಪ ಹೊತ್ತು ನೋಡಿದಳು.
"ನಾನು ತಿರುಗಲಿಲ್ಲ. ಕೋಣೆ ತಿರುಗಿತು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಗುತ್ತೇವೆ.
ಆ ನೆಲವನ್ನು ಬಗ್ಗಿ ಅಳೆದವರು ಯಾರು?
ಹುಟ್ಟಿದಾಗಿನಿಂದ ಒಳಗಿನ ಓಲೆಗಾರ
ಇದೇ ನೆಟ್ಟಗೆ, ಇದೇ ನೆಟ್ಟಗೆ ಎಂದು ಓರೆಯ ಸುದ್ದಿ ತಂದಿದ್ದರೆ
ಬೆನ್ನು ಪಾಪ, ಆಜ್ಞೆ ಪಾಲಿಸಿದ್ದಷ್ಟೇ.
ಅಥವಾ ಬೆನ್ನೇ ಮೊದಲು ಬಾಗಿ
ಕಿವಿಗೆ ಸುಳ್ಳು ಕಲಿಸಿತೋ.
ಯಾವುದು ಮೊದಲು ಎಂದು ಅವಳು ಕೇಳಿದಳು.
ಗೊತ್ತಿಲ್ಲ ಎಂದೆ. ದೊಡ್ಡ ಡಾಕ್ಟರಿಗೆ? ಅವರಿಗೂ.
ಅದನ್ನು ಕೇಳಿ ಯಾಕೋ ಅವಳ ಮುಖ ಗೆಲುವಾಯಿತು.

ವರದಿಯಲ್ಲಿ ಬರೆದೆ: ಎಡಗಿವಿ ಮಂದ.
ತಿರುವು, ಎಡಕ್ಕೆ ಐವತ್ತೈದು ಡಿಗ್ರಿ.
ಕೋಣೆಯ ವಿಚಾರ ಬರೆಯಲು ಅಂಕಣವಿರಲಿಲ್ಲ.

ಅವರು ಹೋಗುವುದನ್ನು ಮೇಲಿನಿಂದ ನೋಡಿದೆ.
ಚೌಕದ ತುಂಬ ಜನ, ಎಲ್ಲರೂ ಗಾಳಿಗೆ ವಾಲಿದವರು.
ಅವಳು ಯಾರೆಂದು ಗುರುತು ಹತ್ತಲಿಲ್ಲ.

ರಾತ್ರಿ, ಅಡುಗೆಮನೆಯಲ್ಲಿ, ಚಪ್ಪಲಿ ಬಿಚ್ಚಿ
ಕಿಟಕಿಗೆ ಮುಖಮಾಡಿ ಕಣ್ಣು ಮುಚ್ಚಿದೆ.
ಹತ್ತೊಂಬತ್ತು ವರ್ಷ ಊರ ಮಕ್ಕಳನ್ನೆಲ್ಲ ನಡೆಸಿದವಳು,
ಒಮ್ಮೆಯೂ ನಡೆದಿರಲಿಲ್ಲ.
ಗಾಜು ನಡುಗುತ್ತಿತ್ತು. ಎಣಿಸಿದೆ. ಐವತ್ತು.
ಕಿಟಕಿ ಎದುರಿಗೇ ಇದೆ, ಆಣೆ ಮಾಡಬಲ್ಲೆ,

ಕಣ್ಣು ತೆರೆದೆ: ಫ್ರಿಜ್ಜು.
ಅದರ ಮೇಲೆ ಆಯಸ್ಕಾಂತ ಕಚ್ಚಿಕೊಂಡ,
ಕಟ್ಟಲು ಮರೆತಿದ್ದ ನೀರಿನ ಬಿಲ್ಲು.