ನಾಲ್ಕನೇ ಚೌಕ

ಬೆನ್ನಿಗೆ ಹತ್ತು ಚೌಕ ಅಂಟಿಸಿ
ಕಂಕನಾಡಿಯ ಡಾಕ್ಟರು ಹೇಳಿದ್ದಿಷ್ಟೇ:
ಎರಡು ದಿನ ಮೀಯಬೇಡಿ, ಬೆವರಬೇಡಿ.
ಮಂಗಳೂರಿನಲ್ಲಿ, ಮೇ ತಿಂಗಳಲ್ಲಿ
ಬೆವರಬೇಡಿ!

ಹತ್ತೊಂಬತ್ತು ವರ್ಷ ಬಿಜೈಯ ಪಾರ್ಲರಿನಲ್ಲಿ
ಬಟ್ಟಲು ಬಟ್ಟಲು ಕಪ್ಪು ಕಲಸಿದ್ದೇನೆ.
ಗ್ಲೌಸು ಹಾಕಿದರೆ ಕೂದಲು ಬೆರಳಿಗೆ ಸಿಗುವುದಿಲ್ಲ,
ಮತ್ತೆ ವಿಲ್ಮಾ ಬಾಯಿ ಕೊಡುವುದೂ
ವಾರಕ್ಕೆ ಒಂದೇ ಜೋಡಿ.
ರೋಸಿನ ಮುನ್ನಾದಿನ ಓಡಿ ಬಂದ ಮದುಮಗಳ ಅಮ್ಮ,
ಬ್ಯಾಂಕಿನ ಮೇಡಂ, ಮಸ್ಕತ್ತಿನಿಂದ ರಜೆಗೆ ಬಂದವರು,
ಎಲ್ಲರೂ ನನ್ನ ಕುರ್ಚಿಯಲ್ಲಿ
ಹತ್ತು ಹತ್ತು ವರ್ಷ ಇಳಿಸಿ ಹೋದರು.
ಇಳಿಸಿದ್ದನ್ನು ಎಲ್ಲಿಟ್ಟಿರಿ ಅಂತ
ನಾನೂ ಕೇಳಲಿಲ್ಲ.

ಚರ್ಮಕ್ಕೆ ಬಾಯಿಲ್ಲ ಅಂದುಕೊಂಡಿದ್ದೆ.
ಅದು ಕುಡಿಯುತ್ತಿತ್ತು.
ಮೊದಲು ಉಗುರಿನ ಬುಡ ಬಿರಿಯಿತು,
ಬಂಗುಡೆಗೆ ಮೆಣಸು ಹಚ್ಚುವಾಗ ಕಣ್ಣಲ್ಲಿ ನೀರು,
ಕಡೆಗೆ ರೇಷನ್ ಅಂಗಡಿಯ ಯಂತ್ರ
ಹೆಬ್ಬೆರಳನ್ನು ಐದು ಸಲ ಒತ್ತಿಸಿಕೊಂಡು
ಇವಳು ಯಾರೋ ಅಂದಿತು.

ಪಟ್ಟಿ ಕಿತ್ತರು. ನಾಲ್ಕನೆಯದು ಕೆಂಪು,
ಗುಳ್ಳೆ ಗುಳ್ಳೆ.
ಅದರ ಹೆಸರು ಚೀಟಿಯಲ್ಲಿ ಬರೆದುಕೊಟ್ಟರು.
ಬಸ್ಸಿನಲ್ಲಿ ಮೂರು ಸಲ ಓದಿದೆ,
ನಾಲಿಗೆ ಹೊರಳಲಿಲ್ಲ.
ಇಷ್ಟು ವರ್ಷ ಒಳಗಿದ್ದವನ
ಹೆಸರೇ ಗೊತ್ತಿಲ್ಲ ನೋಡಿ.

ನಾಳೆ ಬೆಳಿಗ್ಗೆ ಮೂವರಿದ್ದಾರೆ.
ವಿಲ್ಮಾ ಬಾಯಿಗೆ ಫೋನು ಮಾಡಬೇಕು,
ಇನ್ನೊಂದು ಜೋಡಿ ಕೇಳಬೇಕು.