ಬಂಗುಡೆ ಎಷ್ಟು

ಬೆಳಿಗ್ಗೆ ಐದಕ್ಕೆ ಬಚ್ಚಲಿನ ಬಲ್ಬಿಗೆ
ಬಾಟಲಿ ಹಿಡಿದು ನೋಡುತ್ತೇನೆ.
ಸಿಸ್ಟರ್ ಜೆಸಿಂತಾ ಕೊಟ್ಟ ಕಾರ್ಡಿನಲ್ಲಿ
ಹತ್ತು ಚೌಕ, ಹತ್ತು ಬಣ್ಣ.
ಹತ್ತೆಂದರೆ ಪುನರ್ಪುಳಿ ಸಾರು,
ಒಂದೆಂದರೆ ಬೊಂಡದ ನೀರು.
ಇವತ್ತು ಏಳು. ಬರೆಯುತ್ತೇನೆ.

ರಾತ್ರಿ ನಾನು ಮಲಗಿದ ಮೇಲೆ
ನನ್ನ ನೆತ್ತರು ತನ್ನನ್ನೇ ಒಡೆದುಕೊಳ್ಳುತ್ತದಂತೆ.
ಲಕ್ಷಕ್ಕೊಬ್ಬರಿಗೂ ಇಲ್ಲ ಈ ಕಾಯಿಲೆ.
ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ ಇಪ್ಪತ್ತೆರಡು ವರ್ಷ
ಟಿಕೆಟು ಹರಿದವ ನಾನು,
ಈಗ ನನಗೇ ಒಂದು ನಂಬರು: ಸೊನ್ನೆ ಒಂದು ನಾಲ್ಕು.
ದೇಜಪ್ಪ ಎಂದು ಎಲ್ಲೂ ಬರೆಯುವಂತಿಲ್ಲ.

ಒಪ್ಪಿಗೆ ಪತ್ರ ಹದಿನೇಳು ಪುಟ, ಕನ್ನಡದಲ್ಲೇ ಇತ್ತು,
ಆದರೂ ಜೆಸಿಂತಾ ತುಳುವಿನಲ್ಲಿ ಇನ್ನೊಮ್ಮೆ ಹೇಳಿದಳು:
ಒಂದು ಸೀಸೆಯಲ್ಲಿ ಮದ್ದು, ಇನ್ನೊಂದರಲ್ಲಿ ಬರೀ ಉಪ್ಪುನೀರು.
ಯಾರಿಗೆ ಯಾವುದೆಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ.
ಮತ್ತೆ ಯಾರಿಗೆ ಗೊತ್ತುಂಟು?
ಕಂಪ್ಯೂಟರಿಗೆ.
ಸಹಿ ಹಾಕುವಾಗ ನಗು ಬಂತು.
ಎಲ್ಲಿ ಇಳಿಯುವುದೆಂದು ತಿಳಿಯದೆ ಹತ್ತಿದವರನ್ನು
ಎಷ್ಟು ಬೈದಿದ್ದೆ!

ಎರಡು ವಾರಕ್ಕೊಮ್ಮೆ ಕಂಕನಾಡಿ, ಮೂರನೇ ಮಹಡಿ.
ಪಕ್ಕದ ಕುರ್ಚಿಯಲ್ಲಿ ತೊಕ್ಕೊಟ್ಟಿನ ಮೈಮೂನಾ.
ಹಳದಿ ಬೆರಳು,
ಬೀಡಿ ಕಟ್ಟಿದ್ದೋ, ನೆತ್ತರಿನದ್ದೋ.
ಬಣ್ಣ ಹೇಳಿಕೊಳ್ಳಬಾರದು ಎಂದಿದ್ದರು.
ಮೀನಿನ ರೇಟು ಮಾತಾಡಬಹುದಲ್ಲ?
"ಬಂಗುಡೆ ಎಷ್ಟಣ್ಣ?"
"ಏಳು."
ಸ್ವಲ್ಪ ಹೊತ್ತು ಸುಮ್ಮನಿದ್ದು,
"ನಮ್ಮ ಕಡೆ ಒಂಬತ್ತು," ಎಂದಳು.

ಜೂನ್ ಕಳೆಯಿತು. ದಕ್ಕೆಯಲ್ಲಿ ಬೋಟುಗಳು ಕಟ್ಟಿ ನಿಂತಿದ್ದವು,
ನನ್ನ ಬಂಗುಡೆ ಐದಕ್ಕಿಳಿಯಿತು, ಆಮೇಲೆ ಮೂರಕ್ಕೆ.
ಲಿಫ್ಟು ಕಾಯದೆ ಮೆಟ್ಟಿಲು ಹತ್ತಿದೆ.
ಫುಟ್‌ಬೋರ್ಡಿನಲ್ಲಿ ನಿಂತು "ರೈಟ್ ಪೋಯಿ" ಎಂದು ಕೂಗಿದ ದಿನ
ಡ್ರೈವರು ಕನ್ನಡಿಯಲ್ಲಿ ಎರಡು ಸಲ ನೋಡಿದ.
ಅವಳದು ಒಂಬತ್ತರಲ್ಲೇ.

ಸುಳ್ಳು ಹೇಳತೊಡಗಿದೆ.
"ಎಂಟು. ಏರಿತು ಮಾರಾಯ್ತಿ, ಎಂತ ಮಾಡುವುದು."
ಅವಳು ನನ್ನ ಕಣ್ಣಿನ ಬಿಳಿಯನ್ನೇ ನೋಡಿದಳು.
"ಇರಲಿ," ಎಂದಳು,
"ಇನ್ನು ಹನ್ನೊಂದು ವಾರ. ಮತ್ತೆ ಎಲ್ಲರಿಗೂ ಅಸಲಿಯಂತೆ."
ತೋಳು ಚಾಚಿ ಕೊಟ್ಟಳು,
ಸೂಜಿ ಸಿಗುವ ನರ ಹುಡುಕಲು ಜೆಸಿಂತಾ ಮೂರು ಸಲ ತಟ್ಟಿದಳು.

ಚಿಲ್ಲರೆ ಇಲ್ಲದಾಗ ಟಿಕೆಟಿನ ಹಿಂದೆ
ಬಾಕಿ ಎಷ್ಟೆಂದು ಬರೆದುಕೊಡುತ್ತಿದ್ದೆ,
ಇಳಿಯುವಾಗ ಕೇಳಿ ತೆಗೆದುಕೊಳ್ಳಿ ಎಂದು.
ಎಷ್ಟೋ ಜನ ಮರೆತೇ ಇಳಿದರು.

ಇವತ್ತು ಎರಡು. ಬರೆದೆ.
ಕಾರ್ಡಿನ ಹಿಂದೆ, ಪೆನ್ಸಿಲಿನಲ್ಲಿ, ಸಣ್ಣಗೆ: ಬಾಕಿ.
ಜೆಸಿಂತಾ ಕೇಳಿಯಾಳೆಂದು
ಹೆಬ್ಬೆರಳಿನಿಂದ ಒರೆಸಿದೆ.
ಪೂರ್ತಿ ಹೋಗಲಿಲ್ಲ.