ಹೊರಗಿಟ್ಟವರ ಯಾದಿ

ಇಪ್ಪತ್ತನೇ ತಾರೀಖು, ಸಂಜೀ ಏಳೂವರಿ.
ಜವಳಿ ಸಾಲಿನ ಮೂರು ಅಂಗಡಿ,
ಕೊಪ್ಪಿಕರ ರೋಡಿನ ಒಂದು ಚಾಳೀಸಿನ ಅಂಗಡಿ,
ನಾಕೂ ಮಂದೀದು ಜಿಎಸ್‌ಟಿ ರಾತ್ರಿ ಹನ್ನೆರಡರೊಳಗ
ನನ್ನ ಕೈಯಿಂದ ಹೋಗಬೇಕು.
ಲ್ಯಾಪ್‌ಟಾಪ್ ಅಂತದ, ಕನೆಕ್ಟ್ ಆಗಂಗಿಲ್ಲ.
ಯಾಕ ಅಂತ ಹೇಳಂಗಿಲ್ಲ.
ಮುನಿಸಿಕೊಂಡ ಬೀಗರ ಗತೆ
ಹೊಸ್ತಲದಾಗ ನಿಂತು ಒಂದ ಸವನ ತಿರಗತದ ಬಿಳೀ ಚಕ್ರ.

ಫೋನಿಗೆ ಬರತದ.
ಟಿವಿಯೊಳಗ ಅತ್ತಿಯವರ ಧಾರಾವಾಹಿ ಎಲ್ಲೂ ನಿಲ್ಲದ ಓಡೇದ.
ಇದಕ್ಕಷ್ಟ ಏನು ರೋಗ?

ರೌಟರ್ ಬಂದ್ ಮಾಡಿ, ಹತ್ತು ಎಣಿಸಿ, ಮತ್ತ ಹಚ್ಚಿದೆ.
ಹಸರು ದೀಪ ಒಂದು, ಎರಡು,
ಮೂರನೇದ್ದು ಭಾಳ ತಡಾ ಮಾಡಿ.
ಎಂಟು ದಿನಕ್ಕೊಮ್ಮೆ ನಳಾ ಬರೂ ಹುಬ್ಬಳ್ಳ್ಯಾಗ ಬೆಳದಾಕಿ ನಾ,
ಕಾಯೂದು ಯಾರೂ ಕಲಸಬೇಕಾಗಿಲ್ಲ.
ಮೊದಲ ಸುಂ ಅಂತ ಗಾಳಿ ಬಿಟ್ಟು ಆಮ್ಯಾಲ ನೀರು ಬರತದಲಾ,
ಹಾಂಗ ಬಂದೀತು ಅಂತ ಕುಂತೆ.
ಗಾಳೀನೂ ಬರಲಿಲ್ಲ.

ಹುಡುಕಿದರ ಓಣಿ ಪೂರಾ ಬಂತು ಪರದೇ ಮ್ಯಾಲ:
ಹಂಚಿನಾಳ ಫಸ್ಟ್ ಫ್ಲೋರ್, ಶಿವಕೃಪಾ ಕ್ಲಿನಿಕ್,
ಕೇಳಬ್ಯಾಡ ಕೊಡಂಗಿಲ್ಲ
(ಅದು ಯಾರದು ಅಂತ ಎಲ್ಲಾರಿಗೂ ಗೊತ್ತು).
ಒಂದೊಂದು ಹೆಸರಿನ ಬಾಜೂಕ ಒಂದೊಂದು ಸಣ್ಣ ಕೀಲಿ.
ಹಗಲೆಲ್ಲಾ ಬಾಗಲಾ ತಗದ ಇಡೂ ಮಂದಿ ನಾವು.

'ಈ ನೆಟ್‌ವರ್ಕ್ ಮರೆತುಬಿಡು' ಅಂತ ಇತ್ತು. ಒತ್ತಿದೆ.
ಮರೀತು.
ಪಾಸ್‌ವರ್ಡ್ ಹೊಡದು ಮತ್ತ ಪರಿಚಯ ಮಾಡಿಸಿದೆ.
ಗುರತ ಹಿಡೀತು, ಒಳಗ ಬರಲಿಲ್ಲ.

ಒಂಬತ್ತಾತು. ಅತ್ತಿಯವರು ಅಂದ್ರು,
'ಮ್ಯಾಲಿನ ಫಕ್ಕೀರೇಶನ್ನರ ಕರಿ.'
ನಾ ಸುಮ್ಮನಾದೆ.

ಅದು ಹೆಂಗಂದ್ರ,
ಹನ್ನೊಂದನೇ ತಾರೀಖ ರಾತ್ರಿ ಕೆಲಸಾ ಮುಗಿಸಿ
ಫೋನಿನಾಗ ನೋಡಿದ್ದೆ,
ನಮ್ಮ ವೈಫೈ ಯಾರ್ಯಾರು ಉಣ್ಣಾಕತ್ತಾರ ಅಂತ.
ಟಿವಿ, ನನ್ನ ಫೋನು, ಮನೆಯವರದು,
ಆಮ್ಯಾಲ ಒಂದು ಗುರತಿಲ್ಲದ್ದು:
ಡೆಸ್ಕ್‌ಟಾಪ್, ಗೀಟು, ಕ್ಯೂ ಏಳು ಎಚ್ ನಾಕು.
ಯಾರಿವ?
ಮ್ಯಾಲ ಬಾಡಿಗಿಗೆ ಇದ್ದಾವ, ಲೋಕೋ ಶೆಡ್ಡಿನಾಗ ಕೆಲಸ,
ರಾತ್ರಿ ಎರಡರ ತನಕ ಲೈಟು.
ಬ್ಯಾರೆ ಯಾರು?
ತಡೀರಿ ಅಂತ ಒತ್ತಿದೆ. ಹೋತು.
ಎಷ್ಟ ಹಗುರ ಇತ್ತು ಆ ಗುಂಡಿ.
ಮರುದಿನ ಮೆಟ್ಟಲದಾಗ ಸಿಕ್ಕರ ಫೋನ್ ನೋಡಕೋತ ಇಳದೆ.
ಅವನ ಹೆಂಡತಿ ಇಂದುಮತಿ ಗುರೆಳ್ಳ ಚಟ್ನಿ ಕಳಿಸಿದ ಡಬ್ಬಿ
ತೊಳದು, ಒರಸಿ, ಒಂದು ಚೂರು ಬೆಲ್ಲಾನೂ ಹಾಕದ
ಖಾಲೀನ ವಾಪಸ್ ಕೊಟ್ಟೆ.
ನಮ್ಮ ಕಡೆ ಅದಕ್ಕ ಅರ್ಥ ಹೇಳಬೇಕಾಗಿಲ್ಲ.

ಬಂದ. ಉಗುರಿನ್ಯಾಗ ಇನ್ನೂ ಗ್ರೀಸು.
ಬದಿಗಿನ ಬಟನ್ ನೋಡಿದ, ವಿಮಾನದ ಗುರತು ನೋಡಿದ,
ತಾರೀಖು ನೋಡಿದ, ಡ್ರೈವರ್ ತಗದು ಹಾಕಿದ.
'ಎಂಜಿನ್ ಸರಿ ಅದ ಅಕ್ಕಾರ,
ಸಿಗ್ನಲ್ ಯಾರೋ ಬಿಟ್ಟಿಲ್ಲ.'
ನನ್ನ ಫೋನ್ ಕೇಳಿದ.
ಕೊಡೂವಾಗ ನೆನಪಾತು.
ಅಷ್ಟರಾಗ ಕೊಟ್ಟಿದ್ದೆ.

ಹೊರಗಿಟ್ಟವರ ಯಾದಿ ತಗದ.
ಯಾದಿಯೊಳಗ ಒಂದ ಹೆಸರು.
ಲ್ಯಾಪ್‌ಟಾಪಿನ ಹೊಟ್ಟಿಯೊಳಗ ಹುಡುಕಿ ಅದರ ಹೆಸರೂ ಓದಿದ,
ಕ್ಯೂ ಏಳು ಎಚ್ ನಾಕು.
ಕೆಳಗ ತಾರೀಖು: ಹನ್ನೊಂದು, ರಾತ್ರಿ ಹತ್ತೂವರಿ.
ತಾರೀಖು ಎರಡ ಸಲ ನೋಡಿದ.
ಖಾಲಿ ಡಬ್ಬಿ ಹೋದದ್ದು ಹನ್ನೆರಡಕ್ಕ.
ಲೆಕ್ಕಾ ನನ್ನ ಕಸಬು,
ಎದುರಿನವ ಮನಸಿನ್ಯಾಗ ಕೂಡಸೂದು ನನಗ ಕೇಳಸತದ.
ಟಿವಿಯೊಳಗ ಯಾರೋ ಅಳಾಕತ್ತಿದ್ರು.
ಅವ ನಗಲಿಲ್ಲ, ತಲೀ ಎತ್ತಲಿಲ್ಲ.
'ಈ ಕಳ್ಳನ್ನ ಬಿಡೂಣೇನ್ರಿ, ಅಕ್ಕಾರ?' ಅಂದ.

ಹನ್ನೊಂದೂ ನಲವತ್ತಕ್ಕ ಚಾಳೀಸಿನ ಅಂಗಡೀದು ಹೋತು, ಕಡೇದ್ದು.
ಅತ್ತಿಯವರು ಮಲಗಿದ್ರು.
ಅಡಗೀಮನ್ಯಾಗ ನಮ್ಮದ ಒಂದು ಡಬ್ಬಿ ಇಳಿಸಿ,
ಮುಚ್ಚಳಾ ತಗದು,
ಏನು ಹಾಕಲಿ ಅಂತ ಭಾಳೊತ್ತು ನಿಂತೆ.
ಮ್ಯಾಲ ಇನ್ನೂ ಲೈಟು ಇತ್ತು.